ಅಮೆರಿಕದ ಕಾಲೇಜು ಫುಟ್‌ಬಾಲೂ ಹವ್ಯಾಸದ ಸೋಗೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಮಿಷಿಗನ್ ಎಂಬುದೊಂದು ಸಂಸ್ಥಾನ. ಅಲ್ಲಿನ ವಿಶ್ವವಿದ್ಯಾನಿಲಯವಿರುವ ಊರು ಆನ್ ಆರ್ಬರ್. 2020ರ ಜನಗಣತಿಯ ಪ್ರಕಾರ ಆ ಊರಿನ ನಿವಾಸಿಗಳು ಒಂದು ಲಕ್ಷ ಇಪ್ಪತ್ತು ಸಾವಿರವನ್ನು ಸ್ವಲ್ಪ ಮೀರುವರು. ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ ಏಕಕಾಲಕ್ಕೆ ಕುಳಿತುಕೊಳ್ಳತಕ್ಕವರ ಸಂಖ್ಯೆಯಾದರೋ 1,07,601. ಶರತ್ಕಾಲದ ಶನಿವಾರಗಳಲ್ಲಿ ಈ ಆಸನಗಳೆಲ್ಲ ತುಂಬುವುವು. ನೂರಾರು ಮೈಲಿಗಳ ದೂರದಿಂದ ಸಂಸಾರಸಮೇತರಾಗಿ ಜನರು ಬರುವರು. ಬೆಳಗಿನಿಂದಲೇ ಮೋಟಾರು ನಿಲ್ಲಿಸುವ ಬಯಲುಗಳಲ್ಲಿ ಒಲೆ ಹೂಡಿ ಅಡಿಗೆ ಮಾಡುವರು. ಇದು ದೇವರ ಜಾತ್ರೆಯಲ್ಲ, ರಾಷ್ಟ್ರೀಯ ಮಹಾಸಭೆಯ ಅಧಿವೇಶನವೂ ಅಲ್ಲ. ಒಂದು ಕಾಲೇಜಿನ ವಿದ್ಯಾರ್ಥಿಗಳು ಇನ್ನೊಂದು ಕಾಲೇಜಿನ ವಿದ್ಯಾರ್ಥಿಗಳೊಡನೆ ಆಡುವ ಚೆಂಡಾಟ.

ಫುಟ್‌ಬಾಲ್ ಎಂದೊಡನೆ ನಮ್ಮ ವಾಚಕರ ಕಣ್ಣ ಮುಂದೆ ಕಾಲಿನಿಂದ ಒದೆಯುವ ಗುಂಡು ಚೆಂಡು ಸುಳಿಯುವುದು ಸಹಜ. ಅಮೆರಿಕನರು ಆ ಹೆಸರಿನಿಂದ ಕರೆಯುವ ಆಟವೇ ಬೇರೆ. ಎರಡು ತುದಿಗಳೂ ಚೂಪಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು, ಕೈಯಿಂದ ದೂರಕ್ಕೆ ಎಸೆಯುವುದು, ಎದುರಾಳಿಯ ಮೈಮೇಲೆ ಬಿದ್ದು ಅವನನ್ನು ನೆಲಕ್ಕೆ ಕೆಡಹುವುದು, ಇದು ಅದರ ಸ್ವರೂಪ. ಆಟಗಾರರು ಶಿರಸ್ತ್ರಾಣ ಧರಿಸಿ ಭುಜಗಳಿಗೆ ಕವಚ ಕಟ್ಟಿಕೊಂಡು ಕಣಕ್ಕಿಳಿಯುವರು. ಮೂಳೆ ಮುರಿಯುವುದೂ ತಲೆಗೆ ಪೆಟ್ಟು ಬೀಳುವುದೂ ಇಲ್ಲಿ ಅಪರೂಪವಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸಂಗ ಬರಲಿದೆ.

ಈ ಆಟವು ಹವ್ಯಾಸದ ಆಟವೆಂದೂ, ಇದನ್ನಾಡುವವರು ವಿದ್ಯಾರ್ಥಿಗಳೇ ಹೊರತು ಕೂಲಿಯಾಳುಗಳಲ್ಲವೆಂದೂ ಒಂದು ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿನ ವಿಶ್ವವಿದ್ಯಾನಿಲಯಗಳು ಸಾರುತ್ತ ಬಂದವು. 2021ರ ತರುವಾಯ ಆಟಗಾರರಿಗೆ ಬಹಿರಂಗವಾಗಿ ಹಣ ಸಲ್ಲತೊಡಗಿದೆ. ಆದಕಾರಣ ‘ಅಯ್ಯೋ, ಹವ್ಯಾಸದ ಪಾವಿತ್ರ್ಯ ಅಳಿಯಿತು’ ಎಂದು ಹಳಬರು ಹಲುಬುತ್ತಿದ್ದಾರೆ. ಅಳಿಯುವುದಕ್ಕೆ ಮೊದಲು ಅದು ಇತ್ತೇ ಎಂಬುದು ನಮ್ಮ ಪ್ರಶ್ನೆ.

ಹವ್ಯಾಸಿ ಎಂಬ ಮಾತು ಕನ್ನಡಿಗರಿಗೆ ಪರಿಚಿತವಾದುದು ಮೈದಾನದಿಂದಲ್ಲ, ರಂಗಭೂಮಿಯಿಂದ. ಗುಬ್ಬಿ ವೀರಣ್ಣನವರ ಕಂಪೆನಿಯಂತಹವು ವೃತ್ತಿ ಮಂಡಳಿಗಳು. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ನಿನಂತಹವು ಹವ್ಯಾಸಿ ಸಂಘಗಳು. ಮೊದಲನೆಯದರಲ್ಲಿ ಮಾಲಿಕರಿಗೆ ಲಾಭ, ನಟರಿಗೆ ಸಂಬಳ. ಎರಡನೆಯದರಲ್ಲಿ ವಕೀಲರೋ ಗುಮಾಸ್ತರೋ ಹಗಲೆಲ್ಲ ತಮ್ಮ ಕೆಲಸ ನೋಡಿಕೊಂಡು ಸಂಜೆ ಬಣ್ಣ ಹಚ್ಚಿಕೊಳ್ಳುವರು. ಕಾರ್ಯದರ್ಶಿಗೂ ಸಂಬಳವಿಲ್ಲ, ರಾಜಪಾತ್ರದವನಿಗೂ ಸಂಬಳವಿಲ್ಲ. ಎರಡೂ ಮರ್ಯಾದೆಯ ಮಾರ್ಗಗಳೇ. ಈಗ ವಾಚಕರು ಮೂರನೆಯದೊಂದು ಮಂಡಳಿಯನ್ನು ಊಹಿಸಿಕೊಳ್ಳಲಿ. ಅದರ ಟಿಕೆಟ್ಟು ದುಬಾರಿ. ನಿತ್ಯವೂ ಥಿಯೇಟರು ಭರ್ತಿ. ಕಾರ್ಯದರ್ಶಿಗೆ ಸಂಬಳ, ನಿರ್ದೇಶಕನಿಗೆ ದಿವಾನರ ಸಂಬಳದ ಹತ್ತರಷ್ಟು, ಪರದೆ ಎಳೆಯುವವನಿಗೂ ಕೂಲಿ. ನಟನು ಬಂದು ಕೈನೀಡಿದರೆ ಮಾತ್ರ, ‘ಅಪ್ಪಾ, ನೀನು ಕಲೋಪಾಸಕ, ಹಣ ಮುಟ್ಟಿದರೆ ಕೆಡುತ್ತೀಯೆ’ ಎಂಬ ಉಪದೇಶ. ಇಂತಹ ಮಂಡಳಿಯನ್ನು ನಾವು ಹವ್ಯಾಸಿ ಎನ್ನುವೆವೇ? ಅಮೆರಿಕದ ಕಾಲೇಜು ಫುಟ್‌ಬಾಲು ಬಹುಕಾಲ ಇದ್ದುದು ಈ ಮೂರನೆಯ ಬಗೆಯಲ್ಲಿ.

ಹವ್ಯಾಸದ ಈ ವ್ರತವು ಅಮೆರಿಕದಲ್ಲಿ ಹುಟ್ಟಿದುದಲ್ಲ, ಇಂಗ್ಲೆಂಡಿನಿಂದ ತಂದದ್ದು. ಅಲ್ಲಿ ಅದರ ಹುಟ್ಟು ಅಷ್ಟೇನೂ ಪವಿತ್ರವಲ್ಲ. ಥೇಮ್ಸ್ ನದಿಯ ಹೆನ್ಲಿಯಲ್ಲಿ ನಡೆಯುವ ದೋಣಿ ಪಂದ್ಯದವರು 1879ರಲ್ಲಿ ಹವ್ಯಾಸಿ ಯಾರೆಂಬುದಕ್ಕೆ ಲಕ್ಷಣ ಬರೆದರು. ಕೂಲಿಗಾಗಿ ದುಡಿಯುವ ಯಂತ್ರಕಾರ, ಕುಶಲಕರ್ಮಿ, ಶ್ರಮಿಕರು ಹವ್ಯಾಸಿಗಳಾಗಲಾರರು ಎಂಬುದು ಅದರ ಒಂದು ಅಂಶ. ಆಟಕ್ಕಾಗಿ ಹಣ ಪಡೆದವನನ್ನಷ್ಟೇ ಹೊರಗಿಟ್ಟರೆಂದು ತಿಳಿಯಬೇಡಿ; ಹೊಟ್ಟೆಗಾಗಿ ಕೈಯಿಂದ ದುಡಿದವನನ್ನೂ ಹೊರಗಿಟ್ಟರು. ಕ್ರಿಕೆಟ್ಟಿನಲ್ಲಿಯೂ ಜೆಂಟಲ್‌ಮನ್ನರು ಬೇರೆ, ಪ್ಲೇಯರುಗಳು ಬೇರೆ ಎಂಬ ಪಂಕ್ತಿಭೇದವನ್ನು ಆಂಗ್ಲರು 1962ರವರೆಗೆ ಪಾಲಿಸಿದರು. ಒಂದೇ ಪಕ್ಷದಲ್ಲಿ ಆಡುವವರಿಗೆ ಬೇರೆ ಬೇರೆ ಕೋಣೆಗಳು. ಪಂದ್ಯದ ಪಟ್ಟಿಯಲ್ಲಿ ಹವ್ಯಾಸಿಯ ಇನಿಷಿಯಲ್ಲು ಹೆಸರಿನ ಹಿಂದೆ, ವೃತ್ತಿಗಾರನದು ಹೆಸರಿನ ಮುಂದೆ. ಪಂಕ್ತಿಭೇದದ ಸೂಕ್ಷ್ಮಗಳನ್ನು ನಾವು ಬಲ್ಲವರಾದುದರಿಂದ ಇದು ನಮಗೆ ಸುಲಭವಾಗಿ ಅರ್ಥವಾಗುತ್ತದೆ. ನಮ್ಮಲ್ಲಿ ಗರಡಿಯ ಜಟ್ಟಿಗಳನ್ನು ಅರಸರು ಸಾಕುತ್ತಿದ್ದರು; ಅದರಿಂದ ಅವರ ಪಟ್ಟಿಗೆ ಕುಂದು ಬಂದಿತೆಂದು ಯಾರೂ ಹೇಳಲಿಲ್ಲ.

ಅಮೆರಿಕದ ಕಾಲೇಜುಗಳು ಪರಸ್ಪರ ಸೆಣಸಿದ ಮೊದಲ ಪಂದ್ಯವೆಂದರೆ 1852ರಲ್ಲಿ ನ್ಯೂ ಹ್ಯಾಂಪ್‌ಷೈರಿನ ವಿನಿಪಸಾಕೀ ಸರೋವರದಲ್ಲಿ ನಡೆದ ಹಾರ್ವರ್ಡ್ ಮತ್ತು ಯೇಲ್ ಕಾಲೇಜುಗಳ ದೋಣಿ ಪಂದ್ಯ. ಅದರ ವೆಚ್ಚವನ್ನು ವಹಿಸಿದವರು ಒಂದು ರೈಲ್ವೆ ಕಂಪೆನಿಯವರು. ಆ ಸರೋವರದ ಕಡೆಗೆ ಪ್ರಯಾಣಿಕರನ್ನು ಸೆಳೆಯುವುದು ಅವರ ಇಷ್ಟಾರ್ಥವಾಗಿತ್ತು. ಎಂದರೆ ಮೊದಲ ದಿನವೇ ವ್ಯಾಪಾರವು ದೋಣಿಯೊಳಗೆ ಕುಳಿತಿತ್ತು. ಫುಟ್‌ಬಾಲಿನ ಮೊದಲ ಪಂದ್ಯ 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಜರುಗಿತು. ಪಕ್ಷಕ್ಕೆ ಇಪ್ಪತ್ತೈದು ಮಂದಿಯಂತೆ ಆಡಿ ರಟ್ಗರ್ಸಿನವರು ಆರಕ್ಕೆ ನಾಲ್ಕರಂತೆ ಗೆದ್ದರು. ಇದನ್ನು ಬೇಕಾದರೆ ಶುದ್ಧ ಹವ್ಯಾಸವೆನ್ನಬಹುದು. ಮೂವತ್ತು ನಾಲ್ವತ್ತು ವರ್ಷಗಳೊಳಗಾಗಿ ಆಟವು ಎಷ್ಟು ಉಗ್ರವಾಯಿತೆಂದರೆ, 1905ನೆಯ ಇಸವಿಯೊಂದರಲ್ಲೇ ಹದಿನೆಂಟು ಮಂದಿ ಆಟಗಾರರು ಸತ್ತರೆಂದು ಪತ್ರಿಕೆಗಳು ಲೆಕ್ಕ ಹಾಕಿದವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಮುಖಂಡರನ್ನು ತಮ್ಮ ನಿವಾಸಕ್ಕೆ ಕರೆಯಿಸಿ ಎಚ್ಚರಿಕೆ ಕೊಡಬೇಕಾಯಿತು. ಆ ಗದ್ದಲದಿಂದ 1906ರಲ್ಲಿ ಹುಟ್ಟಿದ ಸಂಘವೇ ಇಂದು ಎನ್.ಸಿ.ಎ.ಎ. ಎಂದು ಪ್ರಸಿದ್ಧವಾದ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ. ಆಟಗಾರರ ಜೀವ ಉಳಿಸಲೆಂದು ಹುಟ್ಟಿದ ಸಂಸ್ಥೆಯು ಆಟಗಾರರ ಜೇಬಿನ ಕಾವಲಿಗೆ ನಿಂತುದು ಆಮೇಲಿನ ಕಥೆ.

ಕಾವಲೂ ಸರಿಯಾಗಿ ನಡೆಯಲಿಲ್ಲವೆನ್ನಿ. 1929ರ ಅಕ್ಟೋಬರಿನಲ್ಲಿ ಕಾರ್ನೆಗಿ ಪ್ರತಿಷ್ಠಾನವು ನೂರಕ್ಕೂ ಹೆಚ್ಚು ಕಾಲೇಜುಗಳನ್ನು ಪರೀಕ್ಷಿಸಿ ವರದಿಯನ್ನು ಪ್ರಕಟಿಸಿತು. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕಾಲೇಜುಗಳಲ್ಲಿ ಆಟಗಾರರಿಗೆ ಯಾವುದಾದರೊಂದು ರೂಪದಲ್ಲಿ ಸಹಾಯ ಸಲ್ಲುತ್ತಿತ್ತೆಂದು ಹೊರಬಿದ್ದಿತು: ಕೆಲವೆಡೆ ಹೆಸರಿಗೆ ಮಾತ್ರ ಕೆಲಸ, ಕೆಲವೆಡೆ ಹಳೆಯ ವಿದ್ಯಾರ್ಥಿಗಳ ಗುಪ್ತನಿಧಿ. ಕಳ್ಳತನದಿಂದ ಕೊಡುವುದಕ್ಕಿಂತ ನೇರವಾಗಿ ಕೊಡುವುದು ಲೇಸೆಂದು ಕೊನೆಗೆ ಸಂಘವೇ 1956ರಲ್ಲಿ ಒಪ್ಪಿ, ಆಟದ ಸಾಮರ್ಥ್ಯಕ್ಕಾಗಿಯೇ ಬೋಧನಾ ಶುಲ್ಕ, ಊಟ, ವಸತಿಗಳನ್ನು ಪೂರೈಸುವ ವಿದ್ಯಾರ್ಥಿವೇತನಕ್ಕೆ ಅನುಮತಿ ನೀಡಿತು. ಅದರಾಚೆ ಒಂದು ಕಾಸೂ ಇಲ್ಲವೆಂಬುದು ಕಟ್ಟಪ್ಪಣೆ. 1973ರಲ್ಲಿ ಈ ವೇತನವನ್ನು ವರ್ಷವರ್ಷಕ್ಕೆ ನವೀಕರಿಸುವ ಪದ್ಧತಿ ಬಂದಿತು. ಎಂದರೆ ಆಟದಲ್ಲಿ ಹಿಂದೆ ಬಿದ್ದವನನ್ನು ಮರುವರ್ಷ ಕೈಬಿಡಲು ತರಬೇತುಗಾರನಿಗೆ ಅಧಿಕಾರ ದೊರೆಯಿತು. ಮನಸ್ಸು ಬಂದಂತೆ ತೆಗೆದುಹಾಕಬಹುದಾದ ಹವ್ಯಾಸಿ! ಕೂಲಿಯಾಳಿಗೂ ಇವನಿಗೂ ಉಳಿದ ಅಂತರವೇನು? ಕೂಲಿಯಾಳಿಗೆ ಗಾಯವಾದರೆ ಪರಿಹಾರವುಂಟು.

ಈ ಪ್ರಕರಣದ ಮರ್ಮವಿರುವುದು ಇಲ್ಲಿಯೇ ಆದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

1953ರಲ್ಲಿ ಕೊಲರಾಡೋ ಸಂಸ್ಥಾನದ ಉಚ್ಚ ನ್ಯಾಯಪೀಠದ ಮುಂದೆ ಒಂದು ದಾವೆ ಬಂದಿತು. ಡೆನ್ವರ್ ವಿಶ್ವವಿದ್ಯಾನಿಲಯದ ಆಟಗಾರನೊಬ್ಬನಿಗೆ ಅಭ್ಯಾಸದ ವೇಳೆ ಬೆನ್ನಿಗೆ ಪೆಟ್ಟಾಗಿತ್ತು. ಅವನಿಗೆ ಆವರಣದಲ್ಲಿ ಒಂದು ಸಣ್ಣ ಕೆಲಸ ಕೊಟ್ಟಿದ್ದರು. ಆ ಕೆಲಸ ದೊರೆತುದೇ ಅವನು ಫುಟ್‌ಬಾಲ್ ಆಡುತ್ತಿದ್ದನೆಂಬ ಕಾರಣಕ್ಕೆ. ಹೀಗಿರುವಾಗ ಅವನು ನೌಕರನೇ ಸರಿಯೆಂದೂ, ಪರಿಹಾರಕ್ಕೆ ಅರ್ಹನೆಂದೂ ತೀರ್ಪಾಯಿತು. ಈ ತೀರ್ಪು ಕಾಲೇಜುಗಳ ಎದೆಯನ್ನು ನಡುಗಿಸಿತು. ಗಾಯಗೊಂಡ ಪ್ರತಿಯೊಬ್ಬ ಆಟಗಾರನೂ ಹೀಗೆಯೇ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಗತಿಯೇನು? 1951ರಿಂದ 1987ರವರೆಗೆ ಸಂಘದ ಕಾರ್ಯನಿರ್ವಾಹಕರಾಗಿದ್ದ ವಾಲ್ಟರ್ ಬಯರ್ಸ್ ಎಂಬವರು ಈ ಭಯದಿಂದಲೇ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಜೋಡುಪದವನ್ನು ಟಂಕಿಸಿ ಚಲಾವಣೆಗೆ ತಂದರು. ಆಟಗಾರನೆನ್ನಕೂಡದು, ನೌಕರನಂತೂ ಎನ್ನಲೇಕೂಡದು. ಸಂಘದ ಎಲ್ಲ ನಿಯಮಗಳಲ್ಲಿಯೂ ಈ ಪದವನ್ನೇ ಬಳಸತಕ್ಕದ್ದು. ಇದನ್ನು ನಾವು ಊಹಿಸಿ ಹೇಳುತ್ತಿಲ್ಲ. 1995ರಲ್ಲಿ ಬರೆದ ತಮ್ಮ ಪುಸ್ತಕದಲ್ಲಿ ಬಯರ್ಸರೇ ಒಪ್ಪಿಕೊಂಡಿದ್ದಾರೆ. ಅಷ್ಟು ಹೊತ್ತಿಗೆ ಅವರ ಮನಸ್ಸು ತಿರುಗಿತ್ತು. ತಾವೇ ಕಟ್ಟಿದ ವ್ಯವಸ್ಥೆಯು ಆಟಗಾರರನ್ನು ಸುಲಿಯುತ್ತಿದೆಯೆಂದು ಅವರು ಆ ಗ್ರಂಥದಲ್ಲಿ ವಾದಿಸಿದರು. ನಿವೃತ್ತಿಯಾದ ಮೇಲೆ ಉದಯಿಸುವ ಜ್ಞಾನವು ನಮ್ಮ ಅಧಿಕಾರಿವರ್ಗಕ್ಕೂ ಅಪರಿಚಿತವಲ್ಲ. ಆದರೂ ಉದಯಿಸಿತಲ್ಲಾ ಎಂದು ಸಂತೋಷಪಡೋಣ.

ಆ ಜೋಡುಪದದ ಫಲ ಬೇಗನೆ ಕಂಡಿತು. 1955ರಲ್ಲಿ ಅದೇ ಕೊಲರಾಡೋದ ಫೋರ್ಟ್ ಲೂಯಿಸ್ ಕಾಲೇಜಿನ ಆಟಗಾರನೊಬ್ಬನು ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತನು. ಅವನು ವಿವಾಹಿತ. ವಿಧವೆಯಾದ ಪತ್ನಿಯು ಪರಿಹಾರ ಕೇಳಿದಳು. ಕೆಳಗಿನ ಮಂಡಳಿ ಮಂಜೂರು ಮಾಡಿತು. 1957ರಲ್ಲಿ ಸಂಸ್ಥಾನದ ಉಚ್ಚ ನ್ಯಾಯಪೀಠವು ಅದನ್ನು ರದ್ದುಗೊಳಿಸಿ, ಕಾಲೇಜು ಫುಟ್‌ಬಾಲಿನ ವ್ಯಾಪಾರ ನಡೆಸುತ್ತಿಲ್ಲವೆಂದೂ, ಸತ್ತವನಿಗೂ ಕಾಲೇಜಿಗೂ ಆಟದ ಸಂಬಂಧವಾಗಿ ನೌಕರಿಯ ಕರಾರಿರಲಿಲ್ಲವೆಂದೂ ನಿರ್ಣಯಿಸಿತು. 1974ರಲ್ಲಿ ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾನಿಲಯದ ತರುಣನೊಬ್ಬನು ಪಂದ್ಯದಲ್ಲಿ ಕತ್ತಿನ ಪೆಟ್ಟಿನಿಂದ ಅಂಗಾಂಗಗಳ ಸ್ವಾಧೀನ ಕಳೆದುಕೊಂಡನು. ಕಾಲು ಶತಮಾನದ ತರುವಾಯ, 2000ದಲ್ಲಿ, ಟೆಕ್ಸಾಸಿನ ಮೇಲ್ಮನವಿ ನ್ಯಾಯಾಲಯವು ಅವನೂ ನೌಕರನಲ್ಲವೆಂದೇ ಹೇಳಿತು. ಹೀಗೆ ಹವ್ಯಾಸವೆಂಬ ಸುಂದರ ಪದವು ವಿಧವೆಯ ಅರ್ಜಿಯನ್ನೂ ಅಂಗವಿಕಲನ ಅರ್ಜಿಯನ್ನೂ ತಿರಸ್ಕರಿಸುವ ಮುದ್ರೆಯಾಯಿತು.

ಮಿದುಳಿನ ವಿಷಯವೂ ಉಂಟು. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯದ ವೈದ್ಯರು, ಕಾಲೇಜಿನ ಮಟ್ಟದವರೆಗೆ ಆಡಿ ಮೃತರಾದ 53 ಮಂದಿಯ ಮಿದುಳುಗಳನ್ನು ಪರೀಕ್ಷಿಸಿ, 48ರಲ್ಲಿ ಪದೇ ಪದೇ ಬಿದ್ದ ಪೆಟ್ಟುಗಳಿಂದಾಗುವ ಮಿದುಳು ಕ್ಷಯದ ಗುರುತುಗಳನ್ನು ಕಂಡರು. ಜೀವಿತಕಾಲದಲ್ಲಿ ಲಕ್ಷಣಗಳು ತೋರಿದ್ದರಿಂದಲೇ ಅನೇಕ ಕುಟುಂಬಗಳು ಮಿದುಳನ್ನು ದಾನ ಮಾಡಿದ್ದುವಾದ್ದರಿಂದ, ಆಡಿದವರೆಲ್ಲರಿಗೂ ಇದೇ ಪ್ರಮಾಣವೆಂದು ಎಣಿಸುವುದು ತಪ್ಪು. ಆದರೂ ವಿದ್ಯೆಗಾಗಿ ಬಂದ ಹುಡುಗರ ಮಿದುಳನ್ನೇ ಒತ್ತೆಯಿಡುವ ಆಟಕ್ಕೆ ವಿದ್ಯಾಪೀಠವು ಪ್ರಾಯೋಜಕವಾಗಿರುವುದು ಯೋಚಿಸತಕ್ಕ ವಿಷಯ.

ಇತ್ತ ಹಣದ ಹೊಳೆ ಉಕ್ಕುತ್ತಲೇ ಇತ್ತು. 1951ರಿಂದ ಟೆಲಿವಿಷನ್ ಪ್ರಸಾರವನ್ನು ಸಂಘವು ತನ್ನ ಮುಷ್ಟಿಯಲ್ಲಿಟ್ಟುಕೊಂಡಿತ್ತು. ಯಾವ ಕಾಲೇಜಿನ ಪಂದ್ಯವನ್ನು ಎಷ್ಟು ಸಲ ತೋರಿಸಬಹುದೆಂಬುದು ಅದರ ಇಷ್ಟ. ಒಕ್ಲಹಾಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾನಿಲಯಗಳು ಇದನ್ನು ಪ್ರತಿಭಟಿಸಿ ದಾವೆ ಹೂಡಿದವು. 1984ರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಾಧೀಶರು ಸಂಘದ ಏಕಸ್ವಾಮ್ಯವನ್ನು ಮುರಿದರು. ಭಿನ್ನಾಭಿಪ್ರಾಯ ಬರೆದವರು ನ್ಯಾಯಮೂರ್ತಿ ಬೈರನ್ ವೈಟರು. ತಾರುಣ್ಯದಲ್ಲಿ ಅವರೇ ಕೊಲರಾಡೋ ವಿಶ್ವವಿದ್ಯಾನಿಲಯದ ಪ್ರಸಿದ್ಧ ಆಟಗಾರರು. ಪ್ರಸಾರವನ್ನು ಬಿಡಿಬಿಡಿಯಾಗಿ ಮಾರಲು ಬಿಟ್ಟರೆ ವಿದ್ಯೆಯ ನೆಲೆ ತಪ್ಪಿ ಹಣದ ಬೆನ್ನು ಹತ್ತುವರೆಂಬುದು ಅವರ ಆತಂಕ. ಕಾನೂನಿನಲ್ಲಿ ಅವರು ಸೋತರು. ಭವಿಷ್ಯಜ್ಞಾನದಲ್ಲಿ ಗೆದ್ದರೆಂದೇ ಹೇಳಬೇಕು. 2022ರಲ್ಲಿ ಬಿಗ್ ಟೆನ್ ಎಂಬ ಒಕ್ಕೂಟವೊಂದೇ ಏಳು ವರ್ಷಗಳ ಪ್ರಸಾರದ ಹಕ್ಕನ್ನು 700 ಕೋಟಿ ಡಾಲರುಗಳಿಗೂ ಮಿಗಿಲಾದ ಬೆಲೆಗೆ ಮಾರಿತು. ಈ ಹಣದ ಸೆಳೆತದಿಂದ ಭೂಗೋಳವೇ ಅಸ್ತವ್ಯಸ್ತವಾಯಿತು. ಪೆಸಿಫಿಕ್ ಸಾಗರದ ದಡದ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಗಳು 2024ರಲ್ಲಿ ಸೇರಿದುದು ಅಟ್ಲಾಂಟಿಕ್ ಕರಾವಳಿ ಒಕ್ಕೂಟವನ್ನು! ಕಾರವಾರದ ಬೆಸ್ತರು ಬಂಗಾಳ ಕೊಲ್ಲಿಯ ಮೀನುಗಾರರ ಸಂಘಕ್ಕೆ ಚಂದಾ ಕಟ್ಟಿದಂತಾಯಿತು.

ತರಬೇತುಗಾರರ ವಿಚಾರವನ್ನಂತೂ ಕೇಳಲೇಬೇಕು. ಅಲ್ಲಿನ ಅನೇಕ ಸಂಸ್ಥಾನಗಳಲ್ಲಿ ಸರ್ಕಾರಿ ಬೊಕ್ಕಸದ ನೌಕರರ ಪೈಕಿ ಅತ್ಯಧಿಕ ವೇತನ ಪಡೆಯುವವನು ಗವರ್ನರನೂ ಅಲ್ಲ, ನ್ಯಾಯಾಧೀಶನೂ ಅಲ್ಲ; ಸಾರ್ವಜನಿಕ ವಿಶ್ವವಿದ್ಯಾನಿಲಯದ ಕ್ರೀಡಾ ತರಬೇತುಗಾರ. ಕೃಷಿ ಮತ್ತು ಯಂತ್ರವಿದ್ಯೆಗಳ ಹೆಸರಿನಲ್ಲಿ ಸ್ಥಾಪಿತವಾದ ಟೆಕ್ಸಾಸ್ ಎ. ಅಂಡ್ ಎಂ. ವಿಶ್ವವಿದ್ಯಾನಿಲಯವು 2023ರ ನವೆಂಬರಿನಲ್ಲಿ ತನ್ನ ಫುಟ್‌ಬಾಲ್ ತರಬೇತುಗಾರ ಜಿಂಬೋ ಫಿಷರರನ್ನು ಅವಧಿಗೆ ಮುನ್ನ ತೆಗೆದುಹಾಕಿತು. ಕರಾರಿನ ಪ್ರಕಾರ ಅವರಿಗೆ ಸಲ್ಲಬೇಕಾದುದು ಏಳೂವರೆ ಕೋಟಿ ಡಾಲರುಗಳಿಗೂ ಹೆಚ್ಚು. ಇದು ಕೆಲಸ ಮಾಡಿದ್ದಕ್ಕಲ್ಲ, ಮಾಡದೆ ಮನೆಯಲ್ಲಿರುವುದಕ್ಕೆ. ಇಂತಹ ಒಡಂಬಡಿಕೆಗಳಿಗೆ ಸಹಿ ಹಾಕಿದ ಕೈಗಳೇ, ಆಟಗಾರನೊಬ್ಬನು ತನ್ನ ಹಸ್ತಾಕ್ಷರವನ್ನು ಮಾರಿಕೊಂಡರೆ ಅವನನ್ನು ಪಂದ್ಯಗಳಿಂದ ಹೊರಗಿಡುತ್ತಿದ್ದವು.

ಇದಕ್ಕೆ ಅವರ ಸಮಾಧಾನವಿಲ್ಲವೆಂದಲ್ಲ. ‘ಆಟಗಾರನಿಗೆ ನಾವು ವಿದ್ಯೆಯನ್ನು ಕೊಡುತ್ತಿಲ್ಲವೇ? ಲಕ್ಷಾಂತರ ಡಾಲರುಗಳಿಗೆ ಬೆಲೆಬಾಳುವ ಪದವಿ ಉಚಿತವಾಗಿ ದೊರೆಯುವಾಗ ಕೂಲಿಯೇಕೆ?’ ಎನ್ನುವರು. ಈ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಬಡಮನೆಗಳಿಂದ ಬಂದ ಸಾವಿರಾರು ಹುಡುಗರು ಈ ದಾರಿಯಿಂದಲೇ ಪದವೀಧರರಾಗಿ ಬಾಳು ಕಟ್ಟಿಕೊಂಡಿದ್ದಾರೆ. ಮೇಲಿನ ಮಟ್ಟದ ಪಕ್ಷಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಆಟಗಾರರು ಆಫ್ರಿಕಾ ಮೂಲದ ಅಮೆರಿಕನರು. ದಕ್ಷಿಣದ ಅನೇಕ ವಿಶ್ವವಿದ್ಯಾನಿಲಯಗಳು 1960ರ ದಶಕದವರೆಗೆ ಇವರಿಗೆ ಬಾಗಿಲನ್ನೇ ತೆರೆದಿರಲಿಲ್ಲವೆಂಬುದನ್ನು ನೆನೆದರೆ ಲಾಭದ ತೂಕ ತಿಳಿಯುತ್ತದೆ. ಆದರೆ ವಿದ್ಯೆಯೇ ಕೂಲಿಯಾದಲ್ಲಿ ಕೂಲಿಯನ್ನು ಸರಿಯಾಗಿ ಅಳೆದು ಕೊಡಬೇಕಷ್ಟೆ. ಉತ್ತರ ಕೆರೊಲೈನಾ ವಿಶ್ವವಿದ್ಯಾನಿಲಯವು ಅಮೆರಿಕದ ಅತಿ ಹಳೆಯ ಸಾರ್ವಜನಿಕ ವಿಶ್ವವಿದ್ಯಾನಿಲಯಗಳಲ್ಲೊಂದು. ಅಲ್ಲಿ ಹದಿನೆಂಟು ವರ್ಷಗಳ ಕಾಲ ಪಾಠವೇ ಇಲ್ಲದ ತರಗತಿಗಳು ಕಾಗದದ ಮೇಲೆ ನಡೆದುವೆಂದೂ, ಅವುಗಳಲ್ಲಿ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಅಂಕ ಪಡೆದರೆಂದೂ, ಅವರಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿ ಕ್ರೀಡಾಪಟುಗಳೆಂದೂ 2014ರ ವಿಚಾರಣಾ ವರದಿಯಿಂದ ಸಿದ್ಧವಾಯಿತು. ಸಂಘವು ವಿಚಾರಿಸಿ 2017ರಲ್ಲಿ ಕೈತೊಳೆದುಕೊಂಡಿತು: ಆ ತರಗತಿಗಳು ಇತರ ವಿದ್ಯಾರ್ಥಿಗಳಿಗೂ ತೆರೆದಿದ್ದುದರಿಂದ ತನ್ನ ನಿಯಮ ಭಂಗವಾಯಿತೆಂದು ಹೇಳಲಾಗದಂತೆ! ಎಲ್ಲರಿಗೂ ಸಮಾನವಾಗಿ ಕಲಬೆರಕೆ ಹಾಲು ಮಾರಿದವನಂತೆ ಇವರೂ ನಿರಪರಾಧಿಗಳಾದರು.

ಕಾಲದ ಮಾತೂ ಇದೆ. ಓದಲು ಪುರುಸೊತ್ತು ಬೇಕು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಆಟಗಾರರು ಕಾರ್ಮಿಕ ಸಂಘ ಕಟ್ಟಲು ಹೊರಟಾಗ, 2014ರ ಮಾರ್ಚಿನಲ್ಲಿ ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿಯು ಸಾಕ್ಷ್ಯಗಳನ್ನು ಕೇಳಿ, ಪಂದ್ಯಗಳ ಋತುವಿನಲ್ಲಿ ಅವರು ವಾರಕ್ಕೆ 40ರಿಂದ 50 ಗಂಟೆ ಆಟಕ್ಕೇ ಸಲ್ಲಿಸುತ್ತಾರೆಂದು ಕಂಡುಕೊಂಡು, ಅವರು ನೌಕರರೇ ಎಂದು ತೀರ್ಮಾನಿಸಿದರು. ಮರುವರ್ಷದ ಆಗಸ್ಟಿನಲ್ಲಿ ಮೇಲಿನ ಮಂಡಳಿಯು ಹೌದೆಂದೂ ಅನ್ನದೆ ಅಲ್ಲವೆಂದೂ ಅನ್ನದೆ ತನಗೆ ಈ ವಿಷಯ ಬೇಡವೆಂದು ಕೈಬಿಟ್ಟಿತು. ಈ ದುಡಿಮೆ ಒಲ್ಲದವನು ಬೇರೆಲ್ಲಿಗೆ ಹೋಗಬೇಕು? ವೃತ್ತಿ ಫುಟ್‌ಬಾಲಿನ ಸಂಸ್ಥೆಯಾದ ಎನ್.ಎಫ್.ಎಲ್. ಪ್ರೌಢಶಾಲೆ ಮುಗಿಸಿ ಮೂರು ವರ್ಷ ಕಳೆಯದವನನ್ನು ಸೇರಿಸಿಕೊಳ್ಳುವುದಿಲ್ಲ. ಆ ಮೂರು ವರ್ಷ ಬಲವೂ ಹೆಸರೂ ಉಳಿಯಬೇಕಾದರೆ ಕಾಲೇಜಿನ ಹೆಬ್ಬಾಗಿಲೊಂದೇ ದಾರಿ.

ಒಂದು ಊರಿನ ಗಿರಣಿ ಮಾಲಿಕರೆಲ್ಲ ಒಂದೆಡೆ ಕೂಡಿ, ‘ನಮ್ಮಲ್ಲಿ ಯಾರೂ ನೇಕಾರನಿಗೆ ಊಟ ವಸತಿಗಳ ಹೊರತು ಬೇರೇನನ್ನೂ ಕೊಡಕೂಡದು, ಕೊಟ್ಟವನನ್ನು ಬಹಿಷ್ಕರಿಸೋಣ’ ಎಂದು ಕರಾರು ಮಾಡಿಕೊಂಡರೆ ಅಮೆರಿಕದ ಕಾನೂನು ಅದನ್ನು ಅಪರಾಧವೆನ್ನುತ್ತದೆ. ಕಾಲೇಜುಗಳ ಕರಾರೂ ಇದೇ ಅಲ್ಲವೇ ಎಂಬ ಪ್ರಶ್ನೆ ಕೊನೆಗೆ 2021ರಲ್ಲಿ ಆಲ್‌ಸ್ಟನ್ ಮೊಕದ್ದಮೆಯ ಮೂಲಕ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತು. ಆ ಜೂನ್ 21ರಂದು ಒಂಬತ್ತು ಮಂದಿ ನ್ಯಾಯಾಧೀಶರೂ ಏಕಮತದಿಂದ ಸಂಘದ ವಿರುದ್ಧ ತೀರ್ಪಿತ್ತರು. ವ್ಯಾಜ್ಯದ ವಸ್ತು ಚಿಕ್ಕದು. ವಿದ್ಯಾಭ್ಯಾಸಕ್ಕೆ ಸಂಬಂಧಿಸಿದ ಸೌಲಭ್ಯಗಳಿಗೆ ಮಿತಿ ಹೇರಬಾರದೆಂಬಷ್ಟೇ. ಆದರೆ ನ್ಯಾಯಮೂರ್ತಿ ಕ್ಯಾವನಾರು ಪ್ರತ್ಯೇಕವಾಗಿ ಬರೆದು, ದುಡಿದವರಿಗೆ ನ್ಯಾಯವಾದ ಬೆಲೆ ಕೊಡುವುದಿಲ್ಲವೆಂದು ಒಪ್ಪಂದ ಮಾಡಿಕೊಂಡು ಬಾಳುವ ಉದ್ಯಮ ಅಮೆರಿಕದಲ್ಲಿ ಇನ್ನೊಂದಿಲ್ಲವೆಂಬ ಅಭಿಪ್ರಾಯವನ್ನು ಕಟುವಾಗಿ ಸೂಚಿಸಿದರು. ಹತ್ತೇ ದಿನಗಳಲ್ಲಿ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರನ್ನೂ ಭಾವಚಿತ್ರವನ್ನೂ ಜಾಹೀರಾತಿಗೆ ಕೊಟ್ಟು ಹಣ ಪಡೆಯಬಹುದೆಂದು ಸಂಘವು ಒಪ್ಪಿತು. ಧನಿಕ ಅಭಿಮಾನಿಗಳು ನಿಧಿ ಕೂಡಿಸಿ, ಜಾಹೀರಾತಿನ ಹೆಸರಿನಲ್ಲಿ ಆಟಗಾರರನ್ನು ಕೊಳ್ಳತೊಡಗಿದರು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ನರು ಅನುಮೋದಿಸಿದ ರಾಜಿಯಿಂದ ಉಳಿದ ಪರದೆಯೂ ಸರಿಯಿತು. ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರುಗಳ ಪರಿಹಾರ. ಮುಂದೆ ವಿಶ್ವವಿದ್ಯಾನಿಲಯಗಳೇ ನೇರವಾಗಿ ಆಟಗಾರರಿಗೆ ಹಣ ಹಂಚಬಹುದು, 2025-26ರ ಸಾಲಿಗೆ ಸಂಸ್ಥೆಯೊಂದಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರುಗಳ ಮಿತಿಯೊಳಗೆ.

ಇಲ್ಲೊಂದು ವಿನೋದವನ್ನು ಹೇಳದೆ ಮುಂದುವರಿಯಲಾರೆವು. ಆಟಗಾರರಿಗೆ ಗುಟ್ಟಾಗಿ ಹಣ ಹಂಚಿದ ಅಪರಾಧಕ್ಕಾಗಿ 1987ರಲ್ಲಿ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದ ಫುಟ್‌ಬಾಲನ್ನು ಒಂದು ವರ್ಷ ಪೂರ್ತಿಯಾಗಿ ನಿಲ್ಲಿಸಲಾಯಿತು. ಆ ಹಂಚಿಕೆಯನ್ನು ಮುಂದುವರಿಸಲು ಒಪ್ಪಿದ್ದವರಲ್ಲಿ ತಾನೂ ಒಬ್ಬನೆಂದು ಆಗಿನ ಟೆಕ್ಸಾಸಿನ ಗವರ್ನರ್ ಬಿಲ್ ಕ್ಲೆಮೆಂಟ್ಸರೇ ಒಪ್ಪಿಕೊಂಡರು. ಆ ವಿಶ್ವವಿದ್ಯಾನಿಲಯ ಮತ್ತೆ ತಲೆಯೆತ್ತಲು ದಶಕಗಳೇ ಹಿಡಿದವು. ಅಂದು ಮರಣದಂಡನೆಯೆನಿಸಿಕೊಂಡ ಶಿಕ್ಷೆಗೆ ಕಾರಣವಾದ ಕೃತ್ಯ ಇಂದು ವಿಶ್ವವಿದ್ಯಾನಿಲಯಗಳ ಆಯವ್ಯಯ ಪತ್ರದಲ್ಲಿ ಒಂದು ಬಾಬ್ತು.

ಹಾಗಾದರೆ ಅನ್ಯಾಯ ತೀರಿತೇ? ನಮಗೆ ಹಾಗೆ ತೋರುವುದಿಲ್ಲ. ಹಣ ಬಂದಿತು, ಸ್ಥಾನ ಬರಲಿಲ್ಲ. ಈ ರಾಜಿಯಲ್ಲಿಯೂ ಆಟಗಾರನನ್ನು ನೌಕರನೆಂದು ಒಪ್ಪಿಲ್ಲ. ನೌಕರನಲ್ಲದವನಿಗೆ ಕಾರ್ಮಿಕ ಪರಿಹಾರದ ಕಾಯಿದೆ ಅನ್ವಯಿಸುವುದಿಲ್ಲ. ಸಂಘ ಕಟ್ಟಿ ಮಾಲಿಕರೊಡನೆ ಚೌಕಾಸಿ ಮಾಡುವ ಹಕ್ಕಿಲ್ಲ. 2 ಕೋಟಿ 5 ಲಕ್ಷವೆಂಬ ಮಿತಿಯನ್ನು ಗೊತ್ತುಮಾಡುವಾಗ ಅವರ ಪ್ರತಿನಿಧಿಯೆಂದು ಕುಳಿತ ಕಾರ್ಮಿಕ ಸಂಘವೊಂದೂ ಇರಲಿಲ್ಲ. ಹೆಸರುವಾಸಿಯಾದವನಿಗೆ ಲಕ್ಷಗಟ್ಟಲೆ ದೊರೆಯುತ್ತದೆ. ಅವನ ಎದುರಿಗೆ ನಿಂತು ಪೆಟ್ಟು ತಡೆಯುವ ಹೆಸರಿಲ್ಲದ ಹುಡುಗನಿಗೆ? 1957ರ ವಿಧವೆಯ ಅರ್ಜಿ ಇನ್ನೊಮ್ಮೆ ಬಂದರೆ ಉತ್ತರವೇನೆಂಬುದು ಈ 280 ಕೋಟಿಗಳಿಂದ ತಿಳಿಯದು. ಆಟಗಾರರು ಹವ್ಯಾಸಿಗಳೆಂಬ ಕಾರಣವೊಂದರಿಂದಲೇ ಅವರನ್ನು ನೌಕರರಲ್ಲವೆನ್ನಲಾಗದು ಎಂದು ಮೂರನೆಯ ವಿಭಾಗದ ಸಂಯುಕ್ತ ಮೇಲ್ಮನವಿ ನ್ಯಾಯಾಲಯವು 2024ರ ಜುಲೈಯಲ್ಲಿ ಅಭಿಪ್ರಾಯಪಟ್ಟು, ಮೊಕದ್ದಮೆಯನ್ನು ಕೆಳಗಿನ ನ್ಯಾಯಾಲಯಕ್ಕೆ ಹಿಂದಿರುಗಿಸಿತು. ಸಂಘದವರಾದರೋ ಕಾಂಗ್ರೆಸ್ಸಿನ ಸದಸ್ಯರ ಬಾಗಿಲುಗಳನ್ನು ತಟ್ಟಿ, ಆಟಗಾರನು ಎಂದೆಂದಿಗೂ ನೌಕರನಾಗದಂತೆ ಕಾಯಿದೆ ಮಾಡಿಕೊಡಿರೆಂದು ಬೇಡಿಕೊಂಡರು.

ಹಣವೆಲ್ಲ ಫುಟ್‌ಬಾಲಿಗೆ ಹರಿದರೆ ಅದರ ಆದಾಯದಿಂದ ಬದುಕುವ ಈಜು, ದೋಣಿ, ಅಂಗಸಾಧನೆಗಳು ಬತ್ತಿಹೋದಾವೆಂಬ ಭಯವೂ ನಿಜವಾದುದೇ; ಒಲಿಂಪಿಕ್ ಪದಕಗಳನ್ನು ತರುವವರು ಅಲ್ಲಿಂದಲೇ ಬರುವವರು. ಅಮೆರಿಕದಲ್ಲಿ ಓದುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೂ ಇದರ ಬಿಸಿ ತಟ್ಟದಿರದು. ಅನೇಕ ಸಾರ್ವಜನಿಕ ವಿಶ್ವವಿದ್ಯಾನಿಲಯಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ಕ್ರೀಡೆಯ ಬಾಬ್ತಿಗೆ ಶುಲ್ಕ ವಸೂಲಾಗುತ್ತದೆ. ದಾವಣಗೆರೆಯಲ್ಲೋ ಧಾರವಾಡದಲ್ಲೋ ಮನೆ ಒತ್ತೆಯಿಟ್ಟು ಕಳುಹಿಸಿದ ತಂದೆಯು, ತಾನು ಎಂದೂ ನೋಡದ ಆಟದ ಖರ್ಚಿಗೂ ಒಂದು ಪಾಲನ್ನು ಸಲ್ಲಿಸುತ್ತಿರುತ್ತಾನೆ.

ಬೇರೆ ದಾರಿಯೇ ಇರಲಿಲ್ಲವೆಂದು ಯಾರಾದರೂ ಹೇಳಿದರೆ ಷಿಕಾಗೋ ವಿಶ್ವವಿದ್ಯಾನಿಲಯದ ಕಡೆಗೆ ಬೆರಳು ತೋರಿಸಬಹುದು. 1892ರಲ್ಲಿ ಅಮೋಸ್ ಅಲಾಂಝೋ ಸ್ಟ್ಯಾಗ್ ಎಂಬ ಫುಟ್‌ಬಾಲ್ ತರಬೇತುಗಾರನಿಗೆ ಅಧ್ಯಾಪಕನ ಖಾಯಂ ಹುದ್ದೆಯನ್ನಿತ್ತು ದೊಡ್ಡ ಫುಟ್‌ಬಾಲಿಗೆ ನಾಂದಿ ಹಾಡಿದವರಲ್ಲಿ ಅದೂ ಒಂದು. ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ, ಆಮೇಲೆ ಹೈಸ್ಮನ್ ಎಂದು ಹೆಸರಾದ ಪಾರಿತೋಷಕವನ್ನು 1935ರಲ್ಲಿ ಮೊಟ್ಟಮೊದಲು ಗೆದ್ದವನು ಅಲ್ಲಿನ ವಿದ್ಯಾರ್ಥಿ ಜೇ ಬರ್ವಾಂಗರ್. ಆದರೆ ಅಲ್ಲಿನ ಅಧ್ಯಕ್ಷ ರಾಬರ್ಟ್ ಹಚಿನ್ಸರು ವಿದ್ಯಾಪೀಠಕ್ಕೂ ಈ ಉದ್ಯಮಕ್ಕೂ ಹೊಂದಿಕೆಯಾಗದೆಂದು ತಿಳಿದವರು. ಆಟಗಾರರನ್ನು ಕೊಳ್ಳಲೊಲ್ಲದ ಷಿಕಾಗೋ 1939ರಲ್ಲಿ ಮಿಷಿಗನ್ನಿನ ಕೈಯಲ್ಲಿ 85-0ರಿಂದ ಸೋತಿತು. ಆ ವರ್ಷದ ಡಿಸೆಂಬರಿನಲ್ಲಿ ಹಚಿನ್ಸರು ಫುಟ್‌ಬಾಲನ್ನೇ ನಿಲ್ಲಿಸಿಬಿಟ್ಟರು. ಬರಿದಾದ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗಿನ ಕೋಣೆಯಲ್ಲಿ 1942ರ ಡಿಸೆಂಬರ್ 2ರಂದು ಎನ್ರಿಕೋ ಫರ್ಮಿಯವರು ಮಾನವನಿರ್ಮಿತವಾದ ಮೊದಲ ಪರಮಾಣು ಸರಣಿ ಕ್ರಿಯೆಯನ್ನು ನಡೆಸಿದರು. ಅದರಿಂದ ಲೋಕಕ್ಕೆ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ, ಅದು ಬೇರೆ ಲೇಖನದ ವಿಷಯ. ವಿಶ್ವವಿದ್ಯಾನಿಲಯವು ಮಾತ್ರ ಹಾಳಾಗಲಿಲ್ಲ.

1969ರಲ್ಲಿ ಷಿಕಾಗೋ ಮತ್ತೆ ಫುಟ್‌ಬಾಲ್ ಆಡತೊಡಗಿತು. ಈ ಸಲ ಅದು ಕ್ರೀಡಾ ವಿದ್ಯಾರ್ಥಿವೇತನಗಳೇ ಇಲ್ಲದ ಮೂರನೆಯ ದರ್ಜೆಯಲ್ಲಿ, ಸಣ್ಣ ಮೈದಾನದಲ್ಲಿ ಆಡುತ್ತದೆ. ತರಬೇತುಗಾರನ ವೇತನ ಪತ್ರಿಕೆಗಳಿಗೆ ಸುದ್ದಿಯಲ್ಲ. ಟೆಲಿವಿಷನ್ನಿನವರು ಹರಾಜಿಗೆ ಬರುವುದಿಲ್ಲ. ಹುಡುಗರು ತರಗತಿ ಮುಗಿಸಿ ಅಭ್ಯಾಸಕ್ಕೆ ಇಳಿಯುವರು. ಬರ್ವಾಂಗರನ ಪಾರಿತೋಷಕವನ್ನು ಅಲ್ಲಿನ ವ್ಯಾಯಾಮಶಾಲೆಯಲ್ಲಿ ಇರಿಸಿದ್ದಾರೆ. ಹಳೆಯ ದೊಡ್ಡ ಕ್ರೀಡಾಂಗಣವಿದ್ದ ಸ್ಥಳದಲ್ಲಿ ಈಗ ವಿಶ್ವವಿದ್ಯಾನಿಲಯದ ಗ್ರಂಥಭಂಡಾರವಿದೆ.